ಯೋಗವೂ ಶುಶ್ರೂಷೆಯೂ



ಎಂಟು ದಿನಗಳಿಂದ ಮಠದ ಅಂಗಳದಲ್ಲಿ ಬೆಳಗಿನ ಹೊತ್ತು ಯೋಗಾಭ್ಯಾಸ ನಡೆಯುತ್ತಿದೆ. ಕಲಿಸಲು ಬಂದಿರುವ ಮೇಷ್ಟ್ರು ಶ್ರದ್ಧಾವಂತರು. ಕಲಿಯಲು ಬರುವ ನೀವೂ ಶ್ರದ್ಧಾವಂತರೇ. ನಿನ್ನೆ ಅಭ್ಯಾಸ ಮುಗಿದ ಮೇಲೆ ಹಿರಿಯ ರೈತರೊಬ್ಬರು ಬಂದು ನಮಸ್ಕರಿಸಿ, "ಬುದ್ಧೀ, ಮೇಷ್ಟ್ರು ಇನ್ನೂ ಬಗ್ಗು ಅಂತಾರೆ, ಸೊಂಟ ಸಾಕು ಅಂತದೆ. ನಾನು ಯಾರ ಮಾತು ಕೇಳ್ಲಿ?" ಎಂದು ಕೇಳಿದರು. ಸುತ್ತ ನಿಂತಿದ್ದವರು ನಕ್ಕರು. ನಮಗೆ ನಗು ಬರಲಿಲ್ಲ. ಯೋಗಶಾಸ್ತ್ರದ ಅರ್ಧ ಭಾಗ ಆ ಪ್ರಶ್ನೆಯಲ್ಲೇ ಅಡಗಿದೆ. ಆದುದರಿಂದ ಈ ಸಂಜೆಯ ಪುರಾಣವನ್ನು ನಾಳೆಗೆ ಇಟ್ಟು, ಅದೊಂದಕ್ಕೇ ಉತ್ತರ ಹೇಳೋಣವೆಂದು ಕುಳಿತಿದ್ದೇವೆ.

ಶುಶ್ರೂಷೆ ಎಂಬ ಮಾತು ನಿಮ್ಮೆಲ್ಲರ ಬಾಯಲ್ಲೂ ಇದೆ. ಹಾಸಿಗೆ ಹಿಡಿದ ಅತ್ತೆಯ ಶುಶ್ರೂಷೆ ಮಾಡಿದಳು, ಆಸ್ಪತ್ರೆಯಲ್ಲಿ ದಾದಿಯರು ಶುಶ್ರೂಷೆ ಮಾಡಿದರು ಎನ್ನುತ್ತೀರಿ. ಸೇವೆ, ಆರೈಕೆ ಎಂದು ಅರ್ಥ. ಆದರೆ ಸಂಸ್ಕೃತ ವ್ಯಾಕರಣ ಓದುವ ಹುಡುಗ ಸನ್ನಂತ ಪ್ರಕರಣಕ್ಕೆ ಬಂದಾಗ ಈ ಶಬ್ದದ ಒಳಮೈ ಕಂಡು ಬೆರಗಾಗುತ್ತಾನೆ. 'ಶ್ರು' ಎಂದರೆ ಕೇಳು. ಅದಕ್ಕೆ ಇಚ್ಛೆಯನ್ನು ಹೇಳುವ ಸನ್ ಪ್ರತ್ಯಯ ಹತ್ತಿದರೆ 'ಶುಶ್ರೂಷಾ'. ಕುಡಿಯಬೇಕೆಂಬ ಇಚ್ಛೆ ಪಿಪಾಸೆ, ತಿಳಿಯಬೇಕೆಂಬ ಇಚ್ಛೆ ಜಿಜ್ಞಾಸೆ, ಕೇಳಬೇಕೆಂಬ ಇಚ್ಛೆ ಶುಶ್ರೂಷೆ. ಗುರುವಿನ ಮಾತು ಕೇಳಬೇಕೆಂದು ಬಳಿಯಲ್ಲೇ ಇರುವ ಶಿಷ್ಯ ಸಹಜವಾಗಿ ಅವರ ಕೆಲಸಕ್ಕೂ ಒದಗುತ್ತಾನೆ. ಹೀಗೆ ಕೇಳುವ ಇಚ್ಛೆಗೆ ಸೇವೆಯೆಂಬ ಅರ್ಥವೂ ಕೂಡಿಕೊಂಡಿತು. ರೋಗಿಯ ಬಳಿ ಕುಳಿತವರಿಗೆ ಇದು ಶಬ್ದಾರ್ಥ ನೋಡದೆಯೇ ಗೊತ್ತು. ಅವನು ನರಳುವ ಬಗೆ ಕೇಳದೆ ಗಂಜಿ ಕುಡಿಸಲು ಹೋದರೆ ಅದು ಆರೈಕೆಯಾಗದು, ಹಿಂಸೆಯಾದೀತು. ಮೈಗೆ ನಾವು ಮಾಡುವ ಯೋಗಾಸನವೂ ಒಂದು ಶುಶ್ರೂಷೆ. ಮೊದಲು ಕೇಳುವುದು, ಆಮೇಲೆ ಮಾಡುವುದು.

ಕೇಳುವ ವಿದ್ಯೆ ನಿಮಗೆ ಬರುವುದಿಲ್ಲವೆಂದು ನಾವು ಒಪ್ಪುವುದಿಲ್ಲ. ನಮ್ಮ ಸೀಮೆಯ ಒಕ್ಕಲು ಮಕ್ಕಳು ಬೆಳಿಗ್ಗೆ ಕೊಟ್ಟಿಗೆಗೆ ಹೋದೊಡನೆ ಎತ್ತಿನ ಮುಖ ನೋಡುತ್ತಾರೆ. ಮೆಲುಕು ಹಾಕುತ್ತಿಲ್ಲವೆಂದರೆ, ಮೂಗಿನ ತುದಿ ಒಣಗಿದೆಯೆಂದರೆ ಅಂದು ನೊಗ ಹೂಡುವುದಿಲ್ಲ. ಹೆಗಲು ಬಾತಿದ್ದರೆ ಕೈಯಿಟ್ಟು ನೋಡಿ ಎಣ್ಣೆ ಅರಿಸಿನ ಹಚ್ಚುತ್ತಾರೆ. ಎತ್ತಿಗೆ ಬಾಯಿಲ್ಲ, ಆದರೂ ಅದರ ಮಾತು ನಿಮಗೆ ಕೇಳಿಸುತ್ತದೆ. ಅದೇ ಮನುಷ್ಯ ತನ್ನ ಸೊಂಟ ಮೂರು ವರ್ಷದಿಂದ ಕೂಗುತ್ತಿದ್ದರೂ, ಎಡಗಾಲು ಜೋಮು ಹಿಡಿಯುತ್ತಿದ್ದರೂ ಕೇಳುವುದಿಲ್ಲ. ಎತ್ತಿಗೆ ತೋರಿಸಿದ ಕರುಣೆಯನ್ನು ತನ್ನ ಮೈಗೆ ತೋರಿಸಲು ನಾಚಿಕೆ! ಯೋಗಕ್ಕೆಂದು ಬಂದು ಆ ಸೊಂಟವನ್ನೇ ಒಂದೇ ದಿನದಲ್ಲಿ ಬಗ್ಗಿಸಹೊರಟರೆ ಅದು ಬಾತ ಹೆಗಲ ಮೇಲೆ ನೊಗವಿಟ್ಟಂತೆ.

ಈಗ ಶಾಸ್ತ್ರ ಏನು ಹೇಳುತ್ತದೆ ನೋಡೋಣ. ಪತಂಜಲಿ ಮಹರ್ಷಿಗಳ ಯೋಗಸೂತ್ರಗಳು ೧೯೫. ಕೆಲವು ಪಾಠಗಳಲ್ಲಿ ೧೯೬. ಇಷ್ಟರಲ್ಲಿ ಆಸನದ ಸ್ವರೂಪವನ್ನು ವಿವರಿಸುವವು ಮೂರೇ ಮೂರು. ಅಲ್ಲಿ ಆಸನಕ್ಕೆ ಎರಡು ಲಕ್ಷಣ ಕೊಟ್ಟಿದ್ದಾರೆ: ಅಲುಗಾಡಬಾರದು, ಸುಖವಾಗಿರಬೇಕು. ಅದು ಸಿದ್ಧಿಸುವ ದಾರಿಯನ್ನು ಹೇಳುವಾಗ ಪ್ರಯತ್ನವನ್ನು ಸಡಿಲಿಸಬೇಕೆಂದು ಸೂಚಿಸಿದ್ದಾರೆ. ಹಲ್ಲು ಕಚ್ಚಬೇಕೆಂದು, ಪಕ್ಕದವನಿಗಿಂತ ಹೆಚ್ಚು ಬಗ್ಗಬೇಕೆಂದು ಎಲ್ಲಿಯೂ ಇಲ್ಲ. ಆಸನ ಎಂಬುದರ ಧಾತುವೇ 'ಆಸ್', ಕುಳಿತುಕೊಳ್ಳುವುದು. ಸುಖವಾಗಿ ಕುಳಿತುಕೊಳ್ಳಲಾರದ ಮನುಷ್ಯ ಕಾಲನ್ನು ಕತ್ತಿನ ಹಿಂದೆ ಕಟ್ಟಿಕೊಂಡರೆ ಜಾತ್ರೆಯಲ್ಲಿ ನಾಲ್ಕು ಜನ ನೋಡಿಯಾರು, ಅಷ್ಟೆ.

ಹಾಗಾದರೆ ಇಷ್ಟೊಂದು ಆಸನಗಳನ್ನು ಕಲಿಸಿದವರು ತಪ್ಪು ಮಾಡಿದರೇ ಎಂದು ಕೇಳಬಹುದು. ಇಲ್ಲ. ಇಂದು ಲೋಕವೆಲ್ಲ ಹರಡಿರುವ ಆಸನಾಭ್ಯಾಸದ ಒಂದು ದೊಡ್ಡ ಬೇರು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು ಇಲ್ಲಿಯ ಮುಚುಕುಂದಪುರದಲ್ಲಿ, ೧೮೮೮ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ೧೯೩೩ರಿಂದ ಪಾಠ ಹೇಳಿದರು. ಅವರ 'ಯೋಗ ಮಕರಂದ' ೧೯೩೪ರಲ್ಲಿ ಕನ್ನಡದಲ್ಲೇ ಹೊರಬಂತು. ಅಲ್ಲಿ ಚುರುಕಿನ ಹುಡುಗರಿಗೆ ಚುರುಕಿನ ಅಭ್ಯಾಸವನ್ನೇ ಕೊಟ್ಟರು. ಮುಂದೆ ಮದರಾಸಿಗೆ ಹೋದ ಮೇಲೆ ರೋಗಿಗಳು, ವೃದ್ಧರು ಬಳಿಗೆ ಬಂದಾಗ ಒಬ್ಬೊಬ್ಬರನ್ನೇ ಕೂರಿಸಿ, ನಾಡಿ ಹಿಡಿದು, ಉಸಿರು ನೋಡಿ, ಅವರವರಿಗೆ ತಕ್ಕ ಪಾಠ ಹೇಳಿದರು. ೧೯೮೯ರಲ್ಲಿ ತೀರಿಕೊಳ್ಳುವಾಗ ಅವರಿಗೆ ನೂರು ವರ್ಷ. ಅವರ ಶಿಷ್ಯರೇ ಆದ ಬಿ.ಕೆ.ಎಸ್. ಅಯ್ಯಂಗಾರರು ಕೋಲಾರ ಜಿಲ್ಲೆಯ ಬೆಳ್ಳೂರಿನವರು, ಬಾಲ್ಯದಲ್ಲಿ ಕಾಯಿಲೆಯಿಂದ ನರಳಿದವರು. ಮೈ ಆಸನಕ್ಕೆ ಎಟುಕದಿದ್ದರೆ ಆಸನವನ್ನೇ ಮೈಗೆ ಎಟುಕಿಸಬೇಕೆಂದು ಹಗ್ಗ, ಮರದ ಇಟ್ಟಿಗೆ, ಪಟ್ಟಿ, ಕುರ್ಚಿಗಳನ್ನು ಅಭ್ಯಾಸಕ್ಕೆ ತಂದರು. ಕುರ್ಚಿ ಹಿಡಿದು ಆಸನ ಮಾಡುವವರನ್ನು ನೋಡಿ ನಗುವವರು ಇದನ್ನು ನೆನಪಿಟ್ಟುಕೊಳ್ಳಿ. ಇಲ್ಲೇ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮಿಗಳು ಒಂದು ಕೈಯಲ್ಲಿ ವ್ಯಾಯಾಮ, ಇನ್ನೊಂದು ಕೈಯಲ್ಲಿ ಆಯುರ್ವೇದ ಹಿಡಿದೇ ಜನರಿಗೆ ಯೋಗ ಕಲಿಸಿದರು. ಮೇಷ್ಟ್ರು ಬೇಕು. ಆದರೆ ಮೇಷ್ಟ್ರ ಕಣ್ಣಿಗೆ ಹೊರಗಿನ ಬಾಗು ಕಾಣುತ್ತದೆ; ಒಳಗೆ ಏನಾಗುತ್ತಿದೆಯೆಂದು ಕೇಳುವ ಕಿವಿ ನಿಮ್ಮೊಬ್ಬರಿಗೇ ಇರುವುದು.

ಆ ಒಳಗಿನ ಮಾತಿಗೆ ಸಾಕ್ಷಿ ಯಾವುದು? ಉಸಿರು. ಹಿರಿಯರು ಒಂದು ಅಹೋರಾತ್ರಿಗೆ ೨೧,೬೦೦ ಉಸಿರೆಂದು ಲೆಕ್ಕ ಹಾಕಿದ್ದಾರೆ. ೨೪ ಗಂಟೆಗೆ ಭಾಗಿಸಿ ನೋಡಿ, ಗಂಟೆಗೆ ೯೦೦, ನಿಮಿಷಕ್ಕೆ ೧೫. ಸುಮ್ಮನೆ ಕುಳಿತ ವಯಸ್ಕನಿಗೆ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಉಸಿರು ಎಂದು ಇಂದಿನ ವೈದ್ಯರೂ ಹೇಳುತ್ತಾರೆ. ಯಂತ್ರವಿಲ್ಲದ ಕಾಲದಲ್ಲಿ ಇಷ್ಟು ಹತ್ತಿರ ಬರಬೇಕಾದರೆ ಅವರು ಎಷ್ಟು ಹೊತ್ತು ಸುಮ್ಮನೆ ಕುಳಿತು ಕೇಳಿರಬೇಕು!

ಈಗಲೇ ಒಂದು ಕೆಲಸ ಮಾಡಿ. ಬಲಗೈಯ ಮೂರು ಬೆರಳನ್ನು ಎಡ ಮಣಿಕಟ್ಟಿನ ಮೇಲಿಟ್ಟು ನಾಡಿ ಹುಡುಕಿ. ಸಿಕ್ಕಿತೇ? ನಿಧಾನವಾಗಿ ಉಸಿರು ತೆಗೆದುಕೊಳ್ಳಿ. ಇನ್ನೂ ನಿಧಾನವಾಗಿ ಬಿಡಿ. ಒಳಗೆಳೆಯುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ತುಸು ನಿಧಾನವಾಗುತ್ತದೆ. ಹಿಂದೆ ಕುಳಿತ ಹುಡುಗರಿಗೆ ಇದು ಚೆನ್ನಾಗಿ ತಿಳಿಯುತ್ತದೆ; ವಯಸ್ಸಾದಂತೆ ವ್ಯತ್ಯಾಸ ಕಡಿಮೆಯಾಗುತ್ತದೆ, ಗಾಬರಿ ಬೇಡ. ಭಯವಾದಾಗ ದೊಡ್ಡವರು "ನಿಟ್ಟುಸಿರು ಬಿಡು, ಕೂತ್ಕೋ" ಎನ್ನುತ್ತಾರಲ್ಲ, ಅದು ಬರೀ ಸಮಾಧಾನದ ಮಾತಲ್ಲ. ನಿಧಾನವಾಗಿ ಬಿಟ್ಟ ಉಸಿರು ಎದೆಯ ಬಡಿತಕ್ಕೆ ನಿಜವಾಗಿ ಕಡಿವಾಣ ಹಾಕುತ್ತದೆ.

ಇದನ್ನು ಆಸನಕ್ಕೆ ಹಚ್ಚಿ ನೋಡಿ. ಕಾಲು ಚಾಚಿ ಕುಳಿತು ಮುಂದಕ್ಕೆ ಬಗ್ಗುತ್ತೀರಿ. ಒಂದು ಹಂತದವರೆಗೆ ಉಸಿರು ಸರಾಗವಾಗಿ ಹೋಗಿ ಬರುತ್ತದೆ. ಅದನ್ನು ದಾಟಿದಾಗ ಉಸಿರು ಕಟ್ಟುತ್ತದೆ, ಇಲ್ಲವೇ ತುಂಡು ತುಂಡಾಗುತ್ತದೆ, ದವಡೆ ಬಿಗಿಯುತ್ತದೆ. ಎಲ್ಲಿ ಉಸಿರು ತುಂಡಾಯಿತೋ ಅಲ್ಲಿಂದ ನಾಲ್ಕು ಬೆರಳು ಹಿಂದೆ ಸರಿಯಿರಿ. ಇಂದಿಗೆ ನಿಮ್ಮ ಆಸನ ಅದೇ. ಅಲ್ಲಿ ಹತ್ತು ಉಸಿರು ನೆಮ್ಮದಿಯಿಂದ ಇದ್ದರೆ ಮೈ ತಾನಾಗಿ ಒಂದೆಳೆ ಸಡಿಲವಾಗುತ್ತದೆ. ತಾನಾಗಿ ಕೊಟ್ಟದ್ದನ್ನು ತೆಗೆದುಕೊಳ್ಳಿ, ಕಿತ್ತುಕೊಳ್ಳಬೇಡಿ. ನಿನ್ನೆಯ ಹಿರಿಯರಿಗೆ ನಮ್ಮ ಉತ್ತರ ಇಷ್ಟೇ: ಎಲ್ಲಿಗೆ ಹೋಗಬೇಕೆಂಬುದನ್ನು ಮೇಷ್ಟ್ರಿಂದ ಕೇಳಿ, ಇವತ್ತು ಎಲ್ಲಿಯವರೆಗೆ ಎಂಬುದನ್ನು ಉಸಿರಿನಿಂದ ಕೇಳಿ.

ಸುಶ್ರುತಸಂಹಿತೆಯಲ್ಲಿ ವ್ಯಾಯಾಮದ ಅಳತೆಯೊಂದಿದೆ. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಅಲ್ಲಿ ವಿಧಿ. ಅರ್ಧ ಬಲವೆಂದು ತಿಳಿಯುವುದು ಹೇಗೆ? ಎದೆಯ ವಾಯು ಬಾಯಿಗೆ ಬಂದಾಗ, ಎಂದರೆ ಮೂಗಿನ ಉಸಿರು ಸಾಲದೆ ಬಾಯಿ ತೆರೆದಾಗ. ಇಂದಿನ ವೈದ್ಯರು ನಡಿಗೆಗೆ ಹೇಳುವ ಗುರುತೂ ಇದರ ನೆಂಟನೇ: ನಡೆಯುತ್ತಾ ಮಾತಾಡಲು ಆಗುವಷ್ಟು ವೇಗವಿರಲಿ ಎನ್ನುತ್ತಾರೆ.

ಇಲ್ಲಿ ಒಂದು ತಕರಾರು ಬರುತ್ತದೆ. ಮೊನ್ನೆ ಒಬ್ಬ ತರುಣ ನಗುತ್ತಾ, "ಬುದ್ಧೀ, ನನ್ನ ಮೈ ದಿನಾ ಬೆಳಿಗ್ಗೆ ಐದಕ್ಕೆ ಮಲಗಿರು ಅಂತದೆ, ಸಂಜೆ ಮಿರ್ಚಿ ತಿನ್ನು ಅಂತದೆ. ಕೇಳಲೇ?" ಎಂದ. ಹಾಸ್ಯಕ್ಕೆ ಕೇಳಿದರೂ ಇದು ಗಟ್ಟಿ ಪ್ರಶ್ನೆ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ಇದಕ್ಕೆ ಉತ್ತರದಂತಿದೆ. ತಡೆಯಬಾರದ ವೇಗಗಳು ಹದಿಮೂರು ಎಂದು ಅಲ್ಲಿ ಎಣಿಸಿದ್ದಾರೆ. ಮಲಮೂತ್ರ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ದೆ, ದಣಿದಾಗ ಬರುವ ಏದುಸಿರು, ಹೀಗೆ. ಏದುಸಿರನ್ನೂ ಸೇರಿಸಿದ್ದಾರೆ, ಗಮನಿಸಿ! ಅದರ ಬೆನ್ನಿಗೇ ತಡೆಯಲೇಬೇಕಾದ ವೇಗಗಳನ್ನೂ ಹೇಳಿದ್ದಾರೆ: ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ಮತ್ಸರ ಮೊದಲಾದವು. ಮೈಯ ವೇಗವನ್ನು ತಡೆಯಬೇಡ, ಮನಸ್ಸಿನ ವೇಗವನ್ನು ಬಿಡಬೇಡ. ನಾವು ಮಾಡುತ್ತಿರುವುದು ತಲೆಕೆಳಗು. ಸಿಟ್ಟನ್ನು ಧಾರಾಳವಾಗಿ ಬಿಡುತ್ತೇವೆ, ಅಳುವನ್ನು ಅದುಮಿಡುತ್ತೇವೆ.

ಮೈ ಹೇಳಿದ್ದು ಯಾವುದು, ಮನಸ್ಸು ಮೈಯ ವೇಷ ಹಾಕಿ ಹೇಳಿದ್ದು ಯಾವುದು ಎಂದು ತಿಳಿಯಲು ಒಂದು ಉಪಾಯವಿದೆ. ಮೈಯ ಮಾತಿಗೆ ಒಂದು ಜಾಗ ಇರುತ್ತದೆ. ಮಂಡಿಯ ಒಳಮಗ್ಗುಲು, ಬೆನ್ನಿನ ಕೆಳಗಂಟು, ಕಣ್ಣಿನ ಹಿಂಭಾಗ ಎಂದು ಬೆರಳಿಟ್ಟು ತೋರಿಸಬಹುದು. ಮನಸ್ಸಿನ ಮಾತಿಗೆ ಜಾಗ ಇಲ್ಲ, ವಾದ ಇರುತ್ತದೆ. "ನಿನ್ನೆ ಮಾಡಿದ್ದೀಯಲ್ಲ, ಇವತ್ತು ಚಳಿ, ಭಾನುವಾರ ಬೇರೆ" ಎಂದು ವಕೀಲನ ಹಾಗೆ ಕಾರಣ ಜೋಡಿಸುತ್ತದೆ. ಜಾಗ ತೋರಿಸಿದರೆ ಕೇಳಿ. ವಾದ ಹೂಡಿದರೆ ಎದ್ದು ಮುಖ ತೊಳೆಯಿರಿ. ಎದ್ದು ನಾಲ್ಕು ಸಲ ಕೈಕಾಲು ಆಡಿಸಿದ ಮೇಲೂ ಮೈ ಭಾರವಾಗಿಯೇ ಇದ್ದರೆ ಆಗ ಅದು ನಿಜವಾದ ದಣಿವು, ಮಲಗಬಹುದು. ನೋವಿನಲ್ಲೂ ಭೇದ ಉಂಟು. ಸ್ನಾಯು ಹಿಗ್ಗುವಾಗ ಬರುವ ಮಂದವಾದ ಎಳೆತ ಉಸಿರು ಬಿಟ್ಟಂತೆ ಕರಗುತ್ತದೆ. ಕೀಲಿನಲ್ಲಿ ಸೂಜಿ ಚುಚ್ಚಿದಂತೆ ಬಂದದ್ದು, ಕಾಲಿಗೋ ಕೈಗೋ ಮಿಂಚಿನಂತೆ ಹರಿದದ್ದು, ಜೋಮು ಹಿಡಿಸಿದ್ದು ಕರಗುವ ಜಾತಿಯಲ್ಲ. ಅಲ್ಲಿಗೆ ನಿಲ್ಲಿಸಬೇಕು, ವೈದ್ಯರನ್ನು ಕಾಣಬೇಕು.

ವೇಗದ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆವು. ಈ ಸಭೆಯಲ್ಲಿ ತಾಯಂದಿರೇ ಹೆಚ್ಚಾಗಿದ್ದೀರಿ. ಹೊಲಕ್ಕೆ ಕಳೆ ತೆಗೆಯಲು ಹೋದ ಹೆಣ್ಣುಮಗಳು ಮರೆಯಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ಮೂತ್ರ ತಡೆಯುತ್ತಾಳೆ. ತಡೆಯಬೇಕಾದೀತೆಂದು ನೀರನ್ನೇ ಕುಡಿಯುವುದಿಲ್ಲ. ಉರಿಮೂತ್ರ, ಜ್ವರ, ಮೂತ್ರಪಿಂಡದ ಕಾಯಿಲೆ ಎಂದು ಆಮೇಲೆ ಆಸ್ಪತ್ರೆ ಅಲೆಯುತ್ತಾಳೆ. ಶೌಚಾಲಯಕ್ಕೆ ನೀರಿಲ್ಲದ ಶಾಲೆಯಲ್ಲಿ ಹೆಣ್ಣುಮಕ್ಕಳ ಪಾಡೂ ಇದೇ. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಣ್ಣಬೇಕೆಂದು ಹಸಿವನ್ನೂ, ಎಲ್ಲರಿಗಿಂತ ಮೊದಲು ಏಳಬೇಕೆಂದು ನಿದ್ದೆಯನ್ನೂ ತಡೆದವಳು ಅವಳೇ. ಅವಳ ಮೈ ಮಾತಾಡುತ್ತಿಲ್ಲವೇ? ಮಾತಾಡುತ್ತಿದೆ. ಅವಳಿಗೆ ಕೇಳಿಸುತ್ತಿಲ್ಲವೇ? ಕೇಳಿಸುತ್ತಿದೆ. ಕೇಳಿ ನಡೆಯಲು ನಾವು ಬಿಟ್ಟಿಲ್ಲ. ಗಂಡಸರಾದ ನಿಮಗೆ ಹೇಳುತ್ತೇವೆ, ಅವಳಿಗೆ ಯೋಗ ಕಲಿ ಎಂದು ಉಪದೇಶ ಮಾಡುವ ಮೊದಲು ಹೊಲದ ಬದುವಿನಲ್ಲಿ ನಾಲ್ಕು ತಗಡು ನಿಲ್ಲಿಸಿ ಒಂದು ಮರೆ ಕಟ್ಟಿಕೊಡಿ. ನಮ್ಮ ಲೆಕ್ಕದಲ್ಲಿ ಅದು ನೂರು ಸೂರ್ಯನಮಸ್ಕಾರಕ್ಕೆ ಸಮ.

ಪ್ರಾಣಾಯಾಮಕ್ಕೆ ಬರೋಣ. ಆಯಾಮ ಎಂಬ ಶಬ್ದಕ್ಕೆ ನಿಯಮನವೆಂಬ ಅರ್ಥದ ಜೊತೆಗೆ ನೀಳಗೊಳಿಸುವುದು ಎಂಬ ಅರ್ಥವೂ ಉಂಟು. ನಮ್ಮ ಜನ ಮೂಗು ಹಿಡಿದು ಕಣ್ಣು ಕೆಂಪಾಗುವವರೆಗೆ ಕಟ್ಟುವುದನ್ನೇ ಪ್ರಾಣಾಯಾಮವೆಂದು ತಿಳಿದಿದ್ದಾರೆ. ಸ್ವಾತ್ಮಾರಾಮರ ಹಠಯೋಗಪ್ರದೀಪಿಕೆ ಹಠದ ಗ್ರಂಥವೇ. ಅಲ್ಲಿಯೂ ಸಿಂಹ, ಆನೆ, ಹುಲಿಗಳನ್ನು ಹೇಗೆ ಮೆಲ್ಲಮೆಲ್ಲಗೆ ಪಳಗಿಸುತ್ತಾರೋ ಹಾಗೆ ಪ್ರಾಣವನ್ನು ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆಂದು ಎಚ್ಚರಿಸಿದ್ದಾರೆ. ಯೋಗವನ್ನು ಕೆಡಿಸುವ ಸಂಗತಿಗಳಲ್ಲಿ ಅತಿಯಾದ ಊಟ, ಅತಿಯಾದ ಶ್ರಮದ ಜೊತೆಗೆ ನಿಯಮಾಗ್ರಹವನ್ನೂ ಸೇರಿಸಿದ್ದಾರೆ. ಮೈಗೆ ಒಗ್ಗಲಿ ಬಿಡಲಿ, ನೇಮ ನೇಮವೇ ಎಂಬ ಹಟ ಅದು. ಜ್ವರದಲ್ಲೂ ತಣ್ಣೀರು ಸ್ನಾನ ಬಿಡದವರನ್ನು ನಾವು ಕಂಡಿದ್ದೇವೆ.

ಕೆಲವರು ಭಸ್ತ್ರಿಕೆಯನ್ನು ಕುಲುಮೆಯ ತಿದಿಯಂತೆ ಬಿಡುವಿಲ್ಲದೆ ಊದಿ, ಬೆರಳ ತುದಿ, ತುಟಿ ಜುಮುಜುಮು ಎಂದಾಗ ಕುಂಡಲಿನಿ ಎದ್ದಳೆಂದು ಓಡಿ ಬರುತ್ತಾರೆ. ಕುಂಡಲಿನಿ ಅಷ್ಟು ಅಗ್ಗಕ್ಕೆ ಏಳುವವಳಲ್ಲ. ಅತಿ ವೇಗದ ಉಸಿರಾಟದಿಂದ ರಕ್ತದ ಇಂಗಾಲದ ಡೈಆಕ್ಸೈಡ್ ತೀರ ಇಳಿದುಹೋಗುತ್ತದೆ. ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಸುತ್ತುತ್ತದೆ, ಕೈ ಜುಮುಗುಡುತ್ತದೆ. ಸಾಕು ಎಂದು ಮೈ ಹೇಳುವ ರೀತಿ ಅದು. ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು, ಹೃದಯದ ಕಾಯಿಲೆಯವರು, ಬಸುರಿಯರು ಉಸಿರು ಕಟ್ಟುವ, ಊದುವ ಅಭ್ಯಾಸಕ್ಕೆ ಹೋಗಬಾರದು. ಕಣ್ಣಿನೊಳಗಿನ ಒತ್ತಡ ಹೆಚ್ಚಿರುವವರು ಶೀರ್ಷಾಸನ ಮಾಡಬಾರದು. ತಲೆಕೆಳಗಾದಾಗ ಆ ಒತ್ತಡ ಇನ್ನೂ ಏರುತ್ತದೆ.

ನಮ್ಮ ಮಠದ ಭಕ್ತರೊಬ್ಬರು ನಿವೃತ್ತ ಅಧ್ಯಾಪಕರು. ನಿತ್ಯ ಪ್ರಾಣಾಯಾಮ ಮಾಡುತ್ತಿದ್ದರು, ತಮಗೆ ಯಾವ ರೋಗವೂ ಬಾರದೆಂಬ ನಂಬಿಕೆಯಿತ್ತು. ಒಂದು ಬೆಳಿಗ್ಗೆ ಎದೆಯ ಮೇಲೆ ಕಲ್ಲಿಟ್ಟಂತಾಯಿತು, ತಣ್ಣನೆ ಬೆವರು ಬಂತು. ಮಗ ಆಟೋ ಕರೆಯಲು ಹೊರಟರೆ, "ವಾಯು ಕಣೋ, ನಾಡಿಶೋಧನ ಮಾಡಿದರೆ ಇಳಿಯುತ್ತದೆ" ಎಂದು ಕುಳಿತರು. ಎರಡು ಗಂಟೆ ಕುಳಿತರು. ಮಧ್ಯಾಹ್ನ ತೀರಿಕೊಂಡರು. ಅವರ ಕ್ರಿಯಾಸಮಾಧಿಗೆ ನಾವೇ ಹೋಗಿದ್ದೆವು. ಮೈ ಅಷ್ಟು ಜೋರಾಗಿ ಕೂಗಿದಾಗ ಅದನ್ನು ಉಸಿರಿನಿಂದ ಮುಚ್ಚಿಸಹೋದರು. ಎದೆಯಲ್ಲಿ ಒತ್ತಡ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು ಕಂಡರೆ ಆಸನವಿಲ್ಲ, ಪ್ರಾಣಾಯಾಮವಿಲ್ಲ, ವಿಭೂತಿಗಾಗಿ ಮಠಕ್ಕೆ ಬರುವುದೂ ಬೇಡ; ನೇರ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರಿಗೂ ಹೆಂಗಸರಿಗೂ ಕೆಲವೊಮ್ಮೆ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು ಬರುವುದುಂಟು. ಅದನ್ನೂ ಕಡೆಗಣಿಸಬೇಡಿ. ಎದ್ದು ಬಂದ ಮೇಲೆ ವಿಭೂತಿಯನ್ನು ನಾವೇ ಹಚ್ಚುತ್ತೇವೆ.

ಕಾಯವನ್ನು ಗೆಲ್ಲಬೇಕೆಂಬ ಹಂಬಲ ಹೊಸದೇನಲ್ಲ. ಶೂನ್ಯಸಂಪಾದನೆಯಲ್ಲಿ, ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಗೋರಕ್ಷನ ಪ್ರಸಂಗ ಬರುತ್ತದೆ. ಗೋರಕ್ಷ ಸಿದ್ಧಸಾಧನೆಯಿಂದ ಮೈಯನ್ನು ವಜ್ರ ಮಾಡಿಕೊಂಡವನು. ಅಲ್ಲಮಪ್ರಭುವಿನ ಕೈಗೆ ಖಡ್ಗ ಕೊಟ್ಟು ಹೊಡೆದು ನೋಡೆಂದ. ಹೊಡೆದಾಗ ಖಣಿಲೆಂದು ಸದ್ದಾಯಿತು, ಕೂದಲೂ ಕೊಂಕಲಿಲ್ಲ. ಪ್ರಭು ಮೆಚ್ಚಲಿಲ್ಲ. ಸದ್ದಾಯಿತಲ್ಲ, ಇನ್ನೂ ಅಲ್ಲೊಂದು ಗಡಸು ಉಳಿದಿದೆಯೆಂದು ಕಂಡ. ತಿರುಗಿ ಗೋರಕ್ಷ ಹೊಡೆದಾಗ ಖಡ್ಗ ಪ್ರಭುವಿನ ಮೈಯಲ್ಲಿ ಬಯಲಲ್ಲಿ ಬೀಸಿದಂತೆ ಆಚೆಗೆ ಹಾದುಹೋಯಿತು. ಇದರ ತತ್ತ್ವಾರ್ಥ ದೊಡ್ಡದು, ಬೇರೆ ದಿನ ಹೇಳೋಣ. ಇಂದಿನ ಮಾತಿಗೆ ಬೇಕಾದಷ್ಟು ಇದು: ವಜ್ರವಾದ ಮೈಗೆ ಪೆಟ್ಟು ತಾಗುವುದಿಲ್ಲ ನಿಜ, ಸ್ಪರ್ಶವೂ ತಾಗುವುದಿಲ್ಲ. ಹಸುಗೂಸಿನ ಕೈ ತಾಗಿದರೂ ಅದಕ್ಕೆ ಗೊತ್ತಾಗದು. ಕಲ್ಲಾಗುವ ಯೋಗ ನಮ್ಮ ಶರಣರಿಗೆ ಬೇಕಾಗಿರಲಿಲ್ಲ.

ಇಷ್ಟಲಿಂಗ ಪೂಜೆಯಲ್ಲಿ ಇದನ್ನೇ ನೀವು ದಿನವೂ ಅಭ್ಯಾಸ ಮಾಡುತ್ತಿದ್ದೀರಿ. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಎದೆಯ ಮಟ್ಟಕ್ಕೆ ಹಿಡಿದು ದೃಷ್ಟಿ ನೆಡುತ್ತೀರಿ. ಒಂದೆರಡು ನಿಮಿಷದಲ್ಲಿ ಲಿಂಗ ಮೆಲ್ಲಗೆ ಏರಿಳಿಯುವುದು ಕಾಣುತ್ತದೆ. ಕೈ ನಡುಗಿತೆಂದು ಹಲವರು ಬಿಗಿ ಹಿಡಿಯುತ್ತಾರೆ. ಬಿಗಿ ಹಿಡಿದಷ್ಟೂ ನಡುಕ ಹೆಚ್ಚುತ್ತದೆ, ಹೆಗಲು ಸೋಲುತ್ತದೆ. ಬಹುಮಟ್ಟಿಗೆ ಅದು ನಿಮ್ಮ ಉಸಿರೇ. ಮೊಳಕೈಯನ್ನು ಪಕ್ಕೆಗೆ ಸಡಿಲವಾಗಿ ಒರಗಿಸಿ, ಏರಲಿ ಇಳಿಯಲಿ ಎಂದು ಸುಮ್ಮನೆ ನೋಡುತ್ತಿರಿ. ಉಸಿರು ತಾನಾಗಿ ಸಣ್ಣದಾದಾಗ ಅಂಗೈಯ ಅಲುಗಾಟವೂ ಸಣ್ಣದಾಗುತ್ತದೆ. ನಮ್ಮ ಗುರುಗಳು ಮೊದಲ ದೀಕ್ಷೆಯ ದಿನ ನಮಗೆ ಇಷ್ಟನ್ನೇ ಹೇಳಿಕೊಟ್ಟರು, ಮಂತ್ರದ ಸಂಖ್ಯೆ ಆಮೇಲೆ ಬಂತು.

ನಾಳೆ ಬೆಳಿಗ್ಗೆ ಐದೂವರೆಗೆ ಅಭ್ಯಾಸ. ಮೇಷ್ಟ್ರಿಗೆ ಹೇಳಿದ್ದೇವೆ, ಎಣಿಕೆ ಬೇಡ, ಒಬ್ಬೊಬ್ಬರೂ ತಮ್ಮ ಉಸಿರಿನ ಲೆಕ್ಕದಲ್ಲೇ ಮಾಡಲಿ ಎಂದು. ಮಂಡಿ ನೋವಿನವರಿಗೆ ದಾಸೋಹದ ಮನೆಯಿಂದ ಹನ್ನೆರಡು ಕುರ್ಚಿ ತರಿಸಿಟ್ಟಿದೆ, ನಾಚಿಕೊಳ್ಳದೆ ಕುಳಿತುಕೊಳ್ಳಿ. ಹೊಟ್ಟೆ ಖಾಲಿ ಇರಲಿ. ಮಾತ್ರೆ ನುಂಗುವವರು ಮಾತ್ರೆ ಬಿಡಬೇಡಿ. ಈಗ ಪ್ರಸಾದಕ್ಕೆ ಏಳಿ. ಹೋಳಿಗೆ ಇದೆಯಂತೆ, ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲು ನೀರಿಗೆ, ಉಳಿದ ಕಾಲು ಉಸಿರಾಡಲು ಬಿಟ್ಟು ಬಡಿಸಿಕೊಳ್ಳಿ.